ಜನಪ್ರಿಯತೆಯ ಅಳತೆ: ಇಟಲಿಯ ಒಬ್ಬ ಗಾಯಕ

ಒಬ್ಬ ಗಾಯಕನು ಜನಪ್ರಿಯನೆಂದು ಹೇಳುವುದು ಸುಲಭ. ತನ್ನ ಸಮಕಾಲೀನರಿಗಿಂತ ಹೆಚ್ಚು ಜನಪ್ರಿಯನೇ ಎಂದು ಕೇಳಿದರೆ, ಯಾವ ಕೋಲಿನಿಂದ ಅಳೆಯಬೇಕೆಂಬ ಪ್ರಶ್ನೆ ಏಳುತ್ತದೆ. ಇಟಲಿಯ ಗಾಯಕನೂ ನಟನೂ ಆದ ಆದ್ರಿಯಾನೊ ಚೆಲೆಂತಾನೊವಿನ ವಿಷಯದಲ್ಲಿ ಈ ಪ್ರಶ್ನೆಯನ್ನು ವಿಚಾರಮಾಡೋಣ.

ಈತನು 1938ರಲ್ಲಿ ಮಿಲಾನ್ ನಗರದ ಗ್ಲುಕ್ ಬೀದಿಯಲ್ಲಿ ಹುಟ್ಟಿದನು. ತಂದೆತಾಯಿಗಳು ದಕ್ಷಿಣದ ಪುಲ್ಯಾ ಸೀಮೆಯಿಂದ ವಲಸೆ ಬಂದವರು. ಹಾಡಿನಿಂದ ಹೆಸರಾಗುವ ಮೊದಲು ಆತನು ಗಡಿಯಾರ ದುರಸ್ತಿಯ ಕಸುಬಿನಲ್ಲಿದ್ದನು.

ಸಮಕಾಲೀನರೇನು ಸಾಮಾನ್ಯರಲ್ಲ. ದೊಮೆನಿಕೊ ಮೊದುನ್ಯೊ 1958ರ ಸಾನ್‌ರೆಮೊ ಗಾಯನಸ್ಪರ್ಧೆಯಲ್ಲಿ, 'ವೊಲಾರೆ' ಎಂದು ಲೋಕವೆಲ್ಲ ಅರಿತಿರುವ ಹಾಡಿನಿಂದ ಗೆದ್ದನು. ಮರುವರ್ಷ ಅಮೆರಿಕದ ಮೊಟ್ಟಮೊದಲ ಗ್ರ್ಯಾಮಿ ಪಾರಿತೋಷಕಗಳಲ್ಲಿ ಎರಡು ಆ ಹಾಡಿಗೆ ಸಂದವು. ಮೀನಾ ಎಂಬಾಕೆಯ ಕಂಠದ ವಿಸ್ತಾರ ಅಸಾಧಾರಣವಾದುದು. 1978ರಲ್ಲಿ ವೇದಿಕೆಯನ್ನು ತ್ಯಜಿಸಿದ ಮೇಲೂ ಆಕೆಯ ಧ್ವನಿಮುದ್ರಿಕೆಗಳಿಗೆ ಬೇಡಿಕೆ ತಗ್ಗಲಿಲ್ಲ. ಜಾನ್ನಿ ಮೊರಾಂದಿಯು ಹಾಡು, ಚಲನಚಿತ್ರ ಎರಡರಲ್ಲಿಯೂ ತರುಣರ ಮನಸ್ಸನ್ನು ಸೂರೆಗೊಂಡನು. ಹೊರನಾಡಿನ ಮನ್ನಣೆಯಿಂದ ಅಳೆದರೆ ಮೊದುನ್ಯೊ ಮೇಲು. ಕಂಠದಿಂದ ಅಳೆದರೆ ಮೀನಾ ಮೇಲು. ಹಾಗಾದರೆ ಚೆಲೆಂತಾನೊವಿನ ಹಿರಿಮೆ ಯಾವುದು?

1961ರಲ್ಲಿ ಆತನು ಸಾನ್‌ರೆಮೊ ವೇದಿಕೆಯ ಮೇಲೆ ಸಭಿಕರಿಗೆ ಬೆನ್ನುತಿರುಗಿಸಿ ನಿಂತು ಹಾಡತೊಡಗಿದನು. ಹಲವರಿಗೆ ಅದು ಅವಿನಯವೆನಿಸಿತು. ಆದರೂ ಹಾಡಿಗೆ ಎರಡನೆಯ ಸ್ಥಾನ ದೊರೆಯಿತು. 1966ರಲ್ಲಿ ತಾನು ಹುಟ್ಟಿದ ಬೀದಿಯನ್ನು ಕುರಿತು ಹಾಡಿದನು. ಹುಲ್ಲಿನ ಬಯಲನ್ನು ಬಿಟ್ಟು ನಗರಕ್ಕೆ ಹೋದ ಹುಡುಗನೊಬ್ಬನು ಹಣವಂತನಾಗಿ ಮರಳಿದಾಗ, ಬಯಲೇ ಇಲ್ಲದೆ ಕಟ್ಟಡಗಳು ಎದ್ದುನಿಂತಿದ್ದ ಕಥೆ ಅದು. ಸ್ಪರ್ಧೆಯ ಮೊದಲ ಸುತ್ತಿನಲ್ಲಿಯೇ ಆ ಹಾಡು ತಿರಸ್ಕೃತವಾಯಿತು. ಆದರೆ ಊರುಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಬಂದಿದ್ದ ಸಾವಿರಾರು ಸಂಸಾರಗಳಿಗೆ ಅದು ಸ್ವಂತ ಅನುಭವವೇ ಆಗಿದ್ದಿತು. ತೀರ್ಪುಗಾರರು ಕೈಬಿಟ್ಟುದನ್ನು ಜನರು ಕೈಹಿಡಿದರು.

1972ರಲ್ಲಿ ಅಮೆರಿಕನ್ನರ ಇಂಗ್ಲಿಷಿನಂತೆ ಕೇಳಿಸುವ, ಆದರೆ ಅರ್ಥವೇ ಇಲ್ಲದ ಶಬ್ದಗಳನ್ನು ಪೋಣಿಸಿ ಹಾಡಿದನು. ಅದನ್ನೂ ಜನರು ಮೆಚ್ಚಿದರು. 1980ರಲ್ಲಿ ಓರ್ನೆಲ್ಲಾ ಮೂತಿಯೊಡನೆ ನಟಿಸಿದ ಹಾಸ್ಯಚಿತ್ರವು ಸೋವಿಯೆತ್ ರಷ್ಯದಲ್ಲಿ ಮನೆಮಾತಾಯಿತು. ಅಲ್ಲಿನವರಿಗೆ ಆತನ ಭಾಷೆ ತಿಳಿಯದು. ನಡೆಯುವ ರೀತಿ, ಮುಖದ ಗಂಭೀರವಾದ ಮೊಂಡುತನ ತಿಳಿದವು. ಇಂಗ್ಲಿಷ್ ನಾಡುಗಳಲ್ಲಿಯಾದರೋ ಮೊದುನ್ಯೊವಿಗೆ ಸಂದ ಮನ್ನಣೆ ಈತನಿಗೆ ಸಲ್ಲಲಿಲ್ಲವೆಂಬುದನ್ನೂ ಒಪ್ಪಬೇಕು.

1998ರಲ್ಲಿ ಮೀನಾ, ಚೆಲೆಂತಾನೊ ಇಬ್ಬರೂ ಸೇರಿ ಹೊರತಂದ ಧ್ವನಿಮುದ್ರಿಕೆಯು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಯಾರ ಹೆಸರಿನಿಂದ ಎಷ್ಟು ಪ್ರತಿಗಳು ಹೋದವೆಂದು ವಿಂಗಡಿಸುವುದು ಸಾಧ್ಯವೇ? ಆದರೆ ಇಷ್ಟು ಹೇಳಬಹುದು: ಮೀನಾಳನ್ನು ಕೇಳಿದವರು ಇಂಥ ಕಂಠ ತಮಗಿಲ್ಲವೆಂದು ಬೆರಗಾದರು, ಚೆಲೆಂತಾನೊವನ್ನು ಕೇಳಿದವರು ಈತ ತಮ್ಮ ಬೀದಿಯವನೆಂದುಕೊಂಡರು. ಬೆರಗು, ಬಳಕೆ ಎರಡೂ ಜನಪ್ರಿಯತೆಯೇ ಸರಿ. ಒಂದರ ಕೋಲಿನಿಂದ ಇನ್ನೊಂದನ್ನು ಅಳೆಯಹೊರಟರೆ ಇಬ್ಬರಿಗೂ ಅನ್ಯಾಯವಾದೀತು.