ಬೀಳ್ಕೊಳ್ಳುವವರು, ಬೀಳ್ಕೊಡುವವರು

ಹೊರಡುವಾಗ ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ಅಶುಭ. ‘ಹೋಗಿ ಬರುತ್ತೇನೆ’ ಎನ್ನಬೇಕು. ನೆರೆಮನೆಯಿಂದ ಏಳುವವರಿಗೆ ಈ ಮಾತು ಸುಲಭ. ಆದರೆ ಕಡಲಾಚೆಯಿಂದ ಸೇವೆಗೆಂದು ಬಂದು, ಅವಧಿ ಮುಗಿದೊಡನೆ ಸ್ವದೇಶಕ್ಕೆ ಮರಳುವವರ ಬಾಯಲ್ಲಿ ಅದಕ್ಕೆ ಅರ್ಥವೇನು? ಈ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಲಿಲಿಯನ್ ಕಾರ್ಟರ್ ಅವರ ಹೆಸರನ್ನು ತಾವು ಕೇಳಿರಬಹುದು. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಪ್ಲೇನ್ಸ್ ಎಂಬ ಸಣ್ಣ ಊರಿನ ದಾದಿ, ವಿಧವೆ. ಅಧ್ಯಕ್ಷ ಕೆನಡಿಯವರು 1961ರಲ್ಲಿ ಸ್ಥಾಪಿಸಿದ ಪೀಸ್ ಕೋರ್ ಎಂಬ ಸ್ವಯಂಸೇವಾ ದಳವನ್ನು 68ರ ವಯಸ್ಸಿನಲ್ಲಿ ಸೇರಿ, 1966ರಲ್ಲಿ ಮುಂಬಯಿಯ ಬಳಿಯ ವಿಕ್ರೋಲಿಗೆ ಬಂದರು. ಅಲ್ಲಿನ ಚಿಕಿತ್ಸಾಲಯದಲ್ಲಿ ಬಡವರ ಶುಶ್ರೂಷೆ ಮಾಡುತ್ತ, 70ನೆಯ ಹುಟ್ಟುಹಬ್ಬವನ್ನು ಈ ದೇಶದಲ್ಲಿಯೇ ಕಂಡು, 1968ರಲ್ಲಿ ಮರಳಿದರು. ಮನೆಗೆ ಬರೆದ ಅವರ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರ ಅಂತ್ಯಕ್ರಿಯೆಗೆ ಅಮೆರಿಕದ ಪ್ರತಿನಿಧಿಯಾಗಿ ಅವರು ಮತ್ತೆ ಬಂದರು. ಆದರೆ ಆಗ ಅವರ ಮಗ ಜಿಮ್ಮಿ ಅಮೆರಿಕದ ಅಧ್ಯಕ್ಷ! ಸಾಮಾನ್ಯ ಸ್ವಯಂಸೇವಕರಿಗೆ ಅಂಥ ಯೋಗವೆಲ್ಲಿಯದು? ಭಾರತದಲ್ಲಿ ಆ ದಳದ ಕಾರ್ಯವೇ 1976ರಲ್ಲಿ ನಿಂತುಹೋಗಿತ್ತು.

ಬಹುಕಾಲ ಕನ್ನಡ ಪಾಠ ಹೇಳಿದವನಾದ್ದರಿಂದ ನನ್ನ ಗಮನ ಎರಡು ಪದಗಳತ್ತ ಹರಿಯುತ್ತದೆ. ಹೋಗುವವರು ಬೀಳ್ಕೊಳ್ಳುತ್ತಾರೆ, ಇರುವವರು ಬೀಳ್ಕೊಡುತ್ತಾರೆ. ಒಬ್ಬರದು ಕೊಳ್ಳುವುದು, ಇನ್ನೊಬ್ಬರದು ಕೊಡುವುದು. ಎಂದರೆ, ಅಪ್ಪಣೆ ಇರುವುದು ಉಳಿಯುವವರ ಕೈಯಲ್ಲಿ. ವಿದಾಯದ ಸಭೆಗಳಲ್ಲಿ ನಾವು ಮರೆಯುವುದು ಇದನ್ನೇ; ಹಾರ, ಭಾವಚಿತ್ರ, ಹೊಗಳಿಕೆ ಎಲ್ಲವೂ ಹೋಗುವವರ ಸುತ್ತಲೇ.

ಕೆಲವು ವರ್ಷಗಳ ಹಿಂದೆ ಒಂದು ವಸತಿಶಾಲೆಯಲ್ಲಿ ಇಂಥ ಸಭೆಗೆ ನನ್ನನ್ನು ಕರೆದಿದ್ದರು. ಎರಡು ತಿಂಗಳು ಅಲ್ಲಿ ಪಾಠ ಹೇಳಿದ್ದ ವಿದೇಶೀ ತರುಣಿ, ಮಕ್ಕಳೇ ಕಲಿಸಿದ ಕನ್ನಡದಲ್ಲಿ ‘ಹೋಗಿ ಬರುತ್ತೇನೆ’ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ‘ಯಾವ ತಿಂಗಳು ಬರ್ತೀರಿ ಅಕ್ಕಾ?’ ಎಂದು ಕೇಳಿದಳು. ಅದನ್ನು ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ತರುಣಿ ತುಸು ಹೊತ್ತು ಸುಮ್ಮನಿದ್ದಳು. ಬಳಿಕ, ‘ಬರಲು ಆಗಲಾರದು, ಕಾಗದ ಬರೆಯುತ್ತೇನೆ’ ಎಂದಳು. ಹುಡುಗಿ ಒಂದು ಗಳಿಗೆ ಅವಳನ್ನೇ ನೋಡಿ, ತಲೆಯಾಡಿಸಿ ಕುಳಿತಳು. ಅಪ್ಪಣೆ ದೊರೆತದ್ದು ಆಗಲೇ ಎಂದು ನನಗೆ ತೋರಿತು.

ಹೋಗುವವರು ಉಳಿಯುವವರಿಗೆ ಸಲ್ಲಿಸಬೇಕಾದದ್ದು ಮೊದಲನೆಯದಾಗಿ ಸತ್ಯ. ಎರಡನೆಯದು, ಕೈಗೆತ್ತಿಕೊಂಡ ಕೆಲಸವನ್ನು ಒಪ್ಪಿಸಿ ಹೋಗುವುದು. ದಾದಿ ಹೊರಟುಹೋದ ಮರುದಿನವೂ ರೋಗಿ ಬಾಗಿಲಿಗೆ ಬರುತ್ತಾನೆ. ಯಾರಿಗೆ ಯಾವ ಔಷಧ, ಯಾವ ಮಗುವಿಗೆ ಯಾವ ಅಕ್ಷರ ಇನ್ನೂ ತೊಡಕು ಎಂಬುದನ್ನು ಊರಿನಲ್ಲಿಯೇ ಉಳಿಯುವವರಿಗೆ ತಿಳಿಸಿಟ್ಟು ಹೊರಟರೆ ಸೇವೆಗೆ ಬಂದದ್ದು ಸಾರ್ಥಕ. ಆಗ ಅವರು ಮರಳಿ ಬಾರದಿದ್ದರೂ ನಾವು ತುಂಬುಮನಸ್ಸಿನಿಂದ ‘ಹೋಗಿ ಬನ್ನಿ’ ಎನ್ನಬಹುದು.