ಕಡತವೂ ಶಾಸನವೂ



ಹಿಂದೆ ನಮ್ಮ ವರ್ತಕರೂ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದ ಕಡತವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಮಸಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕವದು. ಬಳಪದಲ್ಲಿ ಬರೆಯಬಹುದು, ಬೇಡವಾದರೆ ಒರೆಸಬಹುದು. ಊರ ಮುಂದಿನ ಶಿಲಾಶಾಸನದ ರೀತಿ ಬೇರೆ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದುವಂತಿಲ್ಲ. ಇಂದು ಗಣಕಯಂತ್ರದ ಫೈಲಿಗೂ ನಾವು ಕಡತವೆಂದೇ ಹೇಳುತ್ತೇವೆ. ಹೆಸರು ಚೆನ್ನಾಗಿ ಒಪ್ಪಿದೆ. ಏಕೆಂದರೆ ಅದನ್ನು ಒರೆಸುವುದೂ ಅಷ್ಟೇ ಸುಲಭ. ಅಂಥ ಕಡತವನ್ನು ಶಾಸನವಾಗಿಸುವ ಬಗೆಯನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ.

ನಮ್ಮ ಶಾಲೆಯ ಮಕ್ಕಳು ಪ್ರತಿವರ್ಷವೂ ತಮ್ಮ ಅಜ್ಜಿಯರ ಬಾಯಿಂದ ಅಡಿಗೆಯ, ಬೇಸಾಯದ, ಹಬ್ಬದ ಮಾತುಗಳನ್ನು ಬರೆದುಕೊಂಡು ಬಂದು ಗಣಕಯಂತ್ರದಲ್ಲಿ ಸೇರಿಸುತ್ತಾರೆ. ಅಜ್ಜಿಯರ ಮಾತಿನಲ್ಲಿ ಹಾಲು ‘ಆಲು’ ಆಗಿತ್ತು. ಕೆಂಪು ಮಸಿಯಲ್ಲಿ ತಿದ್ದಿ ತಿದ್ದಿ ಪಳಗಿದ ಪಂಡಿತನ ಕೈ ನನ್ನದು, ಸುಮ್ಮನಿರಲಿಲ್ಲ. ‘ಆಲು’ ಇದ್ದ ಕಡೆಯೆಲ್ಲ ‘ಹಾಲು’ ಆಗಲೆಂದು ಒಂದೇ ಆಜ್ಞೆ ಕೊಟ್ಟೆ. ಕ್ಷಣಮಾತ್ರದಲ್ಲಿ ಆಯಿತು, ಆಲುಗಡ್ಡೆಯೂ ಹಾಲುಗಡ್ಡೆಯಾಯಿತು! ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತನ್ನಾಡಿದ ಅಜ್ಜಿಯರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಅವರು ಯಾವ ಮಾತನ್ನು ಹೇಗೆ ನುಡಿದಿದ್ದರೆಂದು ಇನ್ನು ಯಾರನ್ನು ಕೇಳುವುದು? ಮಕ್ಕಳ ನೋಟು ಪುಸ್ತಕಗಳಿಂದ ಕೆಲವನ್ನು ಸರಿಪಡಿಸಿದೆವು, ಉಳಿದವು ಹೋದುವು.

ರಜೆಗೆಂದು ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬ ಇದನ್ನು ಕೇಳಿ, “ಮೇಷ್ಟ್ರೇ, ತಿದ್ದುವ ಪ್ರತಿ ಬೇರೆ ಇರಲಿ, ಮೂಲವನ್ನು ಸ್ಕ್ವಾಷ್‌ಎಫ್‌ಎಸ್ ಮಾಡಿಟ್ಟುಬಿಡಿ” ಎಂದ. “ಅದೇನಪ್ಪ, ಕುಡಿಯುವುದೋ?” ಎಂದೆ.

ಕುಡಿಯುವುದಲ್ಲ. ಒಂದು ಕೋಶದಲ್ಲಿರುವ ಕಡತಗಳನ್ನೆಲ್ಲ ಅಡಕಮಾಡಿ, ಓದಲು ಮಾತ್ರ ಬರುವ ಒಂದೇ ಕಡತವಾಗಿ ಕಟ್ಟುವ ವ್ಯವಸ್ಥೆ ಅದು. ಫಿಲಿಪ್ ಲೌಘರ್ ಎಂಬುವರು 2002ರಲ್ಲಿ ಇದನ್ನು ಹೊರತಂದರು. 2009ರಲ್ಲಿ ಇದು ಲಿನಕ್ಸಿನ ತಿರುಳಿಗೇ ಸೇರಿತು. ಮನೆಗಳಿಗೆ ಅಂತರಜಾಲವನ್ನು ಹಂಚುವ ಎಷ್ಟೋ ಚಿಕ್ಕ ಪೆಟ್ಟಿಗೆಗಳಲ್ಲಿ ಸ್ವಲ್ಪ ಜಾಗದಲ್ಲೇ ಎಲ್ಲವೂ ಹಿಡಿದಿರುವುದು ಇದರ ಬಲದಿಂದ.

ಅಡಕಮಾಡುವುದೆಂದರೆ ಬಿಟ್ಟುಬಿಡುವುದಲ್ಲ. ವ್ಯಾಕರಣದಲ್ಲಿ ಸಮಾಸವಿಲ್ಲವೆ? ‘ಅರಸನ ಮನೆ’ ‘ಅರಮನೆ’ಯಾಗುತ್ತದೆ, ವಿಗ್ರಹವಾಕ್ಯ ಹೇಳಿದರೆ ಮೊದಲಿನ ರೂಪ ಮರಳಿ ಬರುತ್ತದೆ. ಇಲ್ಲಿಯೂ ಹಾಗೆಯೇ, ಒಂದಕ್ಷರವೂ ಕಳೆಯದು. ಮತ್ತೆ ಮತ್ತೆ ಬರುವುದನ್ನು ಪೂರ್ತಿ ಬರೆಯದೆ ‘ಮೇಲಿನಂತೆ’ ಎಂದು ಗುರುತುಹಾಕುವುದೇ ಇದರ ಗುಟ್ಟು. ಕನ್ನಡ ಬರಹಕ್ಕೆ ಇದು ವಿಶೇಷವಾಗಿ ಒಗ್ಗುತ್ತದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಅದರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಪುನರುಕ್ತಿ ಹೆಚ್ಚಿದಷ್ಟೂ ಅಡಕ ಹೆಚ್ಚು. ಛಾಯಾಚಿತ್ರಗಳೂ ಧ್ವನಿಮುದ್ರಣಗಳೂ ಸಾಮಾನ್ಯವಾಗಿ ಮೊದಲೇ ಅಡಕವಾಗಿರುವುದರಿಂದ ಅಷ್ಟು ಕುಗ್ಗುವುದಿಲ್ಲ.

ಇನ್ನು ವಿಧಾನ. ಲಿನಕ್ಸಿನಲ್ಲಿ ಸ್ಕ್ವಾಷ್‌ಎಫ್‌ಎಸ್-ಟೂಲ್ಸ್ ಎಂಬ ಸಲಕರಣೆಯನ್ನು ಸೇರಿಸಿಕೊಂಡು, ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ತೆರೆಯಬೇಕು. ಮೊದಲ ಮಾತು ‘ಎಂಕೆಸ್ಕ್ವಾಷ್‌ಎಫ್‌ಎಸ್’. ಎರಡನೆಯದು ಕಟ್ಟಬೇಕಾದ ಕೋಶದ ಹೆಸರು. ಮೂರನೆಯದು ಹುಟ್ಟಬೇಕಾದ ಕಡತದ ಹೆಸರು. ಕರ್ಮ, ಕ್ರಿಯೆ ಎಲ್ಲ ಆಯಿತು, ಇಷ್ಟೇ ವಾಕ್ಯ. ಇನ್ನೂ ಬಿಗಿಯಾಗಿ ಕಟ್ಟಬೇಕೆಂದರೆ ಕೊನೆಗೆ ‘-ಕಾಂಪ್ ಎಕ್ಸ್‌ಜೆಡ್’ ಎಂದು ಸೇರಿಸಬಹುದು. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.

ಒಳಗೆ ನಡೆಯುವುದೇನು? ಬರಹವನ್ನು ನಾವು ಬೇರೆ ಹೇಳದಿದ್ದರೆ 128 ಕಿಲೋಬೈಟಿನ ತುಂಡುಗಳಾಗಿ ಮಾಡಿ ಒಂದೊಂದನ್ನೂ ಬೇರೆಬೇರೆಯಾಗಿ ಒತ್ತುತ್ತದೆ. ಆದುದರಿಂದ ಒಂದು ಪುಟ ಬೇಕಾದರೆ ಗಂಟನ್ನೆಲ್ಲ ಬಿಚ್ಚಬೇಕಾಗಿಲ್ಲ. ಆ ತುಂಡು ಬಿಚ್ಚಿದರೆ ಸಾಕು. ಒಂದೇ ಕಡತ ಎರಡು ಕಡೆ ಇದ್ದರೆ ಒಂದೇ ಸಲ ಇಡುತ್ತದೆ.

ಓದಬೇಕಾದಾಗ ‘ಮೌಂಟ್’ ಎಂಬ ಆಜ್ಞೆಯಿಂದ ಅದನ್ನು ಒಂದು ಖಾಲಿ ಕೋಶದ ಮೇಲೆ ಕೂರಿಸಬೇಕು. ಇದಕ್ಕೆ ಯಂತ್ರದ ಯಜಮಾನನ ಅಧಿಕಾರ ಬೇಕು. ಆಮೇಲೆ ಎಲ್ಲ ಕಡತಗಳೂ ಎಂದಿನಂತೆ ಕಾಣುತ್ತವೆ. ಅಳಿಸಲು ಹೋದರೆ, ಇದು ಓದಲು ಮಾತ್ರ ಎಂದು ಯಂತ್ರವೇ ತಡೆಯುತ್ತದೆ. ಯಜಮಾನನೇ ಕೇಳಿದರೂ ಒಪ್ಪುವುದಿಲ್ಲ. ನಾನು ಪರೀಕ್ಷೆಗೆಂದು ಒಂದು ‘ಆಲು’ವನ್ನು ತಿದ್ದಹೋದೆ, ಆಗಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಎರಡು ಎಚ್ಚರಿಕೆಗಳುಂಟು. ಹಳೆಯ ಹೆಸರನ್ನೇ ಕೊಟ್ಟು ಇನ್ನೊಮ್ಮೆ ಆಜ್ಞೆ ಮಾಡಿದರೆ ಹಳೆಯದು ಹೋಗಿ ಹೊಸದು ಬರುವುದಿಲ್ಲ. ಹಳೆಯದಕ್ಕೇ ಹೊಸದು ಸೇರುತ್ತದೆ. ನನಗೂ ಹಾಗಾಗಿ, ‘ಅಡಿಗೆ’ಯ ಪಕ್ಕದಲ್ಲಿ ಒಂದಂಕಿ ಅಂಟಿಸಿಕೊಂಡ ಇನ್ನೊಂದು ‘ಅಡಿಗೆ’ ಕಾಣಿಸಿತು. ಹೊಸದಾಗಿ ಕಟ್ಟಬೇಕಾದರೆ ‘-ನೋಅಪೆಂಡ್’ ಎನ್ನಬೇಕು. ಎರಡನೆಯದು, ಒಳಗಿನದನ್ನು ತಿದ್ದಲಾಗದಿದ್ದರೂ ಇಡೀ ಕಡತವನ್ನೇ ಅಳಿಸಿಹಾಕಬಹುದು. ಶಾಸನದ ಕಲ್ಲನ್ನೇ ಒಡೆದು ಮೆಟ್ಟಿಲಿಗೆ ಹಾಸಿದವರು ನಮ್ಮಲ್ಲಿಲ್ಲವೆ? ಆದುದರಿಂದ ಬೇರೆಬೇರೆ ಸ್ಥಳಗಳಲ್ಲಿ ಎರಡು ಪ್ರತಿಗಳಾದರೂ ಇರಲಿ.

ಈಗ ನಮ್ಮ ಶಾಲೆಯಲ್ಲಿ ವರ್ಷಕ್ಕೊಂದು ಶಾಸನ ಸಿದ್ಧವಾಗುತ್ತದೆ. ಪಾಠಕ್ಕೆ ಬೇಕಾದ ತಿದ್ದುಪಡಿಯನ್ನೆಲ್ಲ ಬೇರೆ ಪ್ರತಿಯಲ್ಲಿ ಮಾಡುತ್ತೇವೆ. ನಿಮ್ಮ ಮನೆಯಲ್ಲಿಯೂ ಹಿರಿಯರ ಕಾಗದಗಳಿರಬಹುದು, ಅಜ್ಜಿ ಹೇಳಿಕೊಟ್ಟ ಹಾಡಿರಬಹುದು. ಮಕ್ಕಳಿಂದ ಬರೆಯಿಸಿ, ಹೀಗೆ ಕಟ್ಟಿಡಿಸಿ. ಅಜ್ಜಿ ‘ಆಲು’ ಎಂದಿದ್ದರೆ ಅದು ‘ಆಲು’ ಎಂದೇ ಉಳಿಯಲಿ.