ನಾಯಿ ಮಾಡಿದ ಪಾಪ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ನಮ್ಮ ಮನೆಗೆ ದಿನಪತ್ರಿಕೆ ಹಾಕುವ ಹುಡುಗನನ್ನು ಬೀದಿಯ ನಾಯಿಯೊಂದು ಕಚ್ಚಿತು. ಹತ್ತನೆಯ ತರಗತಿಯಲ್ಲಿ ಓದುವ ಹುಡುಗ. ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ, ಗೇಟು ತೆರೆದು, ಪತ್ರಿಕೆ ನೆನೆಯದಿರಲೆಂದು ಜಗಲಿಯ ಮೇಲೆ ಇಡಲು ಬರುತ್ತಿದ್ದ. ಗೇಟಿನ ಪಕ್ಕದ ಹೊಂಗೆಮರದ ಬುಡದಲ್ಲಿ ಮಲಗಿದ್ದ ನಾಯಿ ಎದ್ದು ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಒಂದು ಗಳಿಗೆಯೊಳಗೆ ಅವನ ತಾಯಿ ಬಂದು ನಿಂತರು. "ಸಾರ್, ನಿಮ್ಮ ನಾಯಿ ನಮ್ಮ ಹುಡುಗನ್ನ ಕಚ್ಚಿಬಿಡ್ತು" ಎಂದರು. ನಾನು ಯೋಚಿಸದೆ ಹೇಳಿದೆ: "ಅದು ನಮ್ಮ ನಾಯಿ ಅಲ್ಲಮ್ಮ."

ಆಕೆ ಜಗಳವಾಡಲಿಲ್ಲ. "ದಿನಾ ರಾತ್ರಿ ಅನ್ನ ಹಾಕೋರು ನೀವೇ ಅಲ್ವಾ ಸಾರ್? ನಿಮ್ಮ ಬಾಗಿಲು ಅಂತ ತಾನೆ ಅದು ಕಾಯ್ತಾ ಇರೋದು?" ಎಂದಷ್ಟೇ ಕೇಳಿದರು.

ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನಿಗೆ ಉತ್ತರ ತೋಚಲಿಲ್ಲ. ಗಾಯವನ್ನು ನಲ್ಲಿಯ ಕೆಳಗೆ ಹಿಡಿಸಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿದೆವು. ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಾಡಿಗೆಯನ್ನು ನಾನೇ ಕೊಟ್ಟೆ. ಕೊಡುವಾಗ ಅದನ್ನು ಉಪಕಾರವೆಂದೇ ಭಾವಿಸಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ರಕ್ತ ಬಂದಿದ್ದುದರಿಂದ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟರು. ಲಸಿಕೆಯ ಮೊದಲ ಕಂತನ್ನು ಆ ದಿನವೇ ಹಾಕಿ, ಉಳಿದವುಗಳಿಗೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಬರಬೇಕೆಂದರು. ಬಳಿಕ ವೈದ್ಯರು ಕೇಳಿದ ಪ್ರಶ್ನೆ: "ನಾಯಿ ಯಾರದು? ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರಬೇಕು." ರಿಜಿಸ್ಟರಿನಲ್ಲಿ 'ಸಾಕುನಾಯಿ', 'ಬೀದಿನಾಯಿ' ಎಂದು ಎರಡು ಕಾಲಮುಗಳಿದ್ದವು. ನಾನು ಎರಡನೆಯದನ್ನು ತೋರಿಸಿದೆ.

ಆ ರಾತ್ರಿ ನನಗೆ ಆತಕೂರಿನ ಕಲ್ಲು ನೆನಪಿಗೆ ಬಂತು. ಕನ್ನಡ ಎಂ.ಎ. ಓದಿದವರೆಲ್ಲ ಶಾಸನಪಾಠದಲ್ಲಿ ಅದನ್ನು ಒಮ್ಮೆಯಾದರೂ ಹಾದುಬಂದಿರುತ್ತಾರೆ. ನಾನು ಅದನ್ನು ಎಷ್ಟೋ ವರ್ಷ ಪಾಠಮಾಡಿದವನು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಹೋರಾಡುವ ಚಿತ್ರ. ಕಾಲ ಹತ್ತನೆಯ ಶತಮಾನದ ನಡುಭಾಗ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಚರಿತ್ರಕಾರರು ಈ ಶಾಸನದಿಂದ ತೆಗೆಯುತ್ತಾರೆ. ಆದರೆ ಕಲ್ಲು ನಿಂತಿರುವುದು ಆ ಯುದ್ಧಕ್ಕಾಗಿ ಅಲ್ಲ; ಕಾಳಿ ಎಂಬ ನಾಯಿಗಾಗಿ. ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳಿಕೊ ಎಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ, ಈ ನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು.

ವಿದ್ಯಾರ್ಥಿಗಳು ಇಲ್ಲಿಯವರೆಗೆ ಆಸಕ್ತಿಯಿಂದ ಕೇಳುತ್ತಿದ್ದರು; ಮುಂದಿನದು ಪರೀಕ್ಷೆಗೆ ಬರುವುದಿಲ್ಲವೆಂದು ಪುಸ್ತಕ ಮುಚ್ಚುತ್ತಿದ್ದರು. ನಿಜವಾದ ವಿಶೇಷವಿರುವುದು ಮುಂದೆಯೇ. ಆ ಮಣ್ಣನ್ನು ಅಳಿದವನು ಆ ನಾಯಿ ಮಾಡಿದ ಪಾಪವನ್ನು ಹೊರುತ್ತಾನೆ; ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ ಎನ್ನುತ್ತದೆ ಶಾಸನ. ನಾಯಿ ಏನು ಪಾಪ ಮಾಡಿತ್ತು ಎಂದು ಕಲ್ಲು ಹೇಳುವುದಿಲ್ಲ. ಆದರೆ ಸತ್ತ ನಾಯಿಗೂ ಒಂದು ಹೆಸರಿದೆ, ಒಬ್ಬ ಒಡೆಯನಿದ್ದಾನೆ, ಅದರ ಪಾಲಿಗೆ ಕೆರೆಯ ನೀರು ಹಾಯುವ ಭೂಮಿಯಿದೆ, ನೋಡಿಕೊಳ್ಳಲು ಒಬ್ಬ ಗೊತ್ತಾದ ಮನುಷ್ಯನಿದ್ದಾನೆ, ಅವನು ತಪ್ಪಿದರೆ ಪಾಪ ಯಾರ ತಲೆಗೆ ಎಂಬುದೂ ಬರೆದಿದೆ. ನಮ್ಮ ಹೊಂಗೆಮರದ ಬುಡದ ನಾಯಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅದು ಮಾಡಿದ ಪಾಪವನ್ನು ಹುಡುಗನ ಕಾಲು ಹೊತ್ತಿತ್ತು.

(ನಾಯಿಯ ಪ್ರಸ್ತಾಪ ಬಂದಾಗ ಧರ್ಮರಾಯನನ್ನು ಎಳೆದುತರದ ಭಾಷಣಕಾರನಿಲ್ಲ. ಅವನ ನಾಯಿ ಕಚ್ಚಿದ್ದನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಅವನನ್ನು ಬಿಟ್ಟುಬಿಡುತ್ತೇನೆ.)

ನಾನು ಹುಡುಗನಾಗಿದ್ದಾಗ, ಎಂದರೆ 1970ರ ಆಸುಪಾಸಿನಲ್ಲಿ, ನಮ್ಮ ಊರಿನ ನಾಯಿಗಳ ಕಾನೂನು ತಮಟೆಯ ಮೂಲಕ ಬರುತ್ತಿತ್ತು. "ನಾಳೆ ಬೆಳಗಿಂದ ಪುರಸಭೆಯೋರು ನಾಯಿ ಹೊಡೀತಾರೆ, ಸಾಕಿದೋರು ಕಟ್ಟಿಹಾಕ್ಕೊಳ್ರಪ್ಪೋ!" ಎಂದು ಸಾರುವವನು ಬೀದಿಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ. ಕೊರಳಲ್ಲಿ ಪಟ್ಟಿಯಿದ್ದ ನಾಯಿ ಉಳಿಯುತ್ತಿತ್ತು. ಇಲ್ಲದ್ದು ವಿಷದ ತುಂಡು ತಿಂದು ಚರಂಡಿಯ ಪಕ್ಕದಲ್ಲಿ ಬೀಳುತ್ತಿತ್ತು. ಇಡೀ ಶಾಸನ ಅಷ್ಟೇ. ನಮ್ಮ ಅಜ್ಜಿ ಮಹಾ ಮಡಿಯವಳು. ನಾಯಿ ಸೋಂಕಿದರೆ ತಲೆಗೆ ನೀರು ಹಾಕಿಕೊಳ್ಳುವಾಕೆ. ತಮಟೆ ಕೇಳಿದ ಸಂಜೆ ಆಕೆ ಹಳೆಯ ಸೀರೆಯ ಅಂಚನ್ನು ಹರಿದು ಬೀದಿಯ ಕೆಂದನಾಯಿಯ ಕೊರಳಿಗೆ ಕಟ್ಟಿ, ಅದನ್ನು ಹಿತ್ತಲ ಬಚ್ಚಲ ಕಂಬಕ್ಕೆ ಬಿಗಿದಳು. ಮರುದಿನ ಪುರಸಭೆಯ ಆಳು ಇಣುಕಿ, "ಇದು ನಿಮ್ಮದೇನಮ್ಮ?" ಎಂದ. "ನಮ್ಮದೇ ಕಣಪ್ಪ, ಕುತ್ತಿಗೆ ನೋಡಬಾರದೆ?" ಎಂದಳು. ಅವನಿಗೂ ಗೊತ್ತಿತ್ತು, ನಕ್ಕು ಮುಂದೆ ಹೋದ. ಸಂಜೆ ಅಜ್ಜಿ ಅಂಚನ್ನು ಬಿಚ್ಚಿ, ನಾಯಿಯನ್ನು ಓಡಿಸಿ, ಸ್ನಾನಮಾಡಿದಳು. ಒಂದು ದಿನದ ಮಟ್ಟಿಗಾದರೂ ಆಕೆ ಆ ನಾಯಿಯನ್ನು ತನ್ನದೆಂದಿದ್ದಳು.

ಹಾಗೆ ಕೊಂದು ಕೊಂದು ನಾಯಿಗಳು ಕಡಿಮೆಯಾದವೆ? ಆಗಲಿಲ್ಲ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯೇ ಬೀದಿನಾಯಿಗಳನ್ನು ಕೊಲ್ಲುವುದಕ್ಕೆ ರಿಯಾಯಿತಿ ಕೊಟ್ಟಿತ್ತು. ಊರೂರಿನ ಪುರಸಭೆಗಳು ದಶಕಗಟ್ಟಲೆ ಕೊಂದವು. ಒಂದು ಬೀದಿ ಖಾಲಿಯಾದರೆ, ತಿಪ್ಪೆ ಅಲ್ಲಿಯೇ ಇರುವುದರಿಂದ, ಪಕ್ಕದ ಬೀದಿಯ ನಾಯಿಗಳು ಬಂದು ತುಂಬಿಕೊಳ್ಳುತ್ತಿದ್ದವು. ಮದರಾಸು ನಗರದಲ್ಲಿ 1996ರಲ್ಲಿ ಕೊಲ್ಲುವುದನ್ನು ಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಯ ದಾರಿ ಹಿಡಿದರು. 2001ರ ಕೇಂದ್ರ ನಿಯಮಗಳು ಅದನ್ನು ದೇಶಕ್ಕೆಲ್ಲ ಅನ್ವಯಿಸಿದವು: ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಮಾಡಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ಈ ಕೊನೆಯ ಮಾತನ್ನು ಕೇಳಿ ಸಿಟ್ಟಾಗುವವರು ಬಹಳ. ಆದರೆ ಅದರಲ್ಲಿ ಲೆಕ್ಕಾಚಾರವಿದೆ. ಲಸಿಕೆಯಾದ ನಾಯಿ ತನ್ನ ಜಾಗಕ್ಕೆ ಲಸಿಕೆಯಾಗದ ಹೊಸ ನಾಯಿಯನ್ನು ಸುಲಭವಾಗಿ ಬಿಡುವುದಿಲ್ಲ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೇಬೀಸಿನ ಸರಪಳಿ ಕಡಿಯುತ್ತದೆ.

ಲೆಕ್ಕಾಚಾರ ಸರಿಯಿದ್ದ ಮಾತ್ರಕ್ಕೆ ಮಕ್ಕಳು ಸುರಕ್ಷಿತರಾದರೆಂದಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ಹಿಂಡಿಗೆ ಸಿಕ್ಕಿ ಸತ್ತರು. ಊರೇ ರೊಚ್ಚಿಗೆದ್ದಿತು, ನಿಯಮ ಮೂಲೆಗೆ ಹೋಗಿ ನಾಯಿಗಳ ಕೊಲೆ ಮತ್ತೆ ನಡೆಯಿತು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು ಎಪ್ಪತ್ತರ ಲೆಕ್ಕವನ್ನು ಹೇಳುವ ಧೈರ್ಯ ನನಗಿಲ್ಲ. ರೇಬೀಸಿನ ಲಕ್ಷಣ ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ನಮ್ಮ ಬಾಲ್ಯದಲ್ಲಿ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂದರೆ ಮೈ ನಡುಗುತ್ತಿತ್ತು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ 2005ರ ಹೊತ್ತಿಗೆ ನಿಂತು, ತೋಳಿಗೆ ಕೆಲವೇ ಬಾರಿ ಚುಚ್ಚುವ ಲಸಿಕೆ ಬಂದಿತು. ಮನುಷ್ಯರಿಗೆ ರೇಬೀಸ್ ತಗುಲಿದರೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆಜ್ಞೆ ಮಾಡಿತು.

ಸಾಕುನಾಯಿಗಳ ವಿಷಯದಲ್ಲಿ ನಮ್ಮ ಉತ್ಸಾಹ ಎಣಿಕೆಯ ಕಡೆಗೆ. ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ಎಂಬ ನಿಯಮವನ್ನು ಬೆಂಗಳೂರಿನಲ್ಲಿ 2018ರಲ್ಲಿ ತರಹೊರಟಾಗ ಆದ ಗದ್ದಲದಲ್ಲಿ ಅದು ನಿಂತೇಹೋಯಿತು. 2024ರಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಮೂರು ತಳಿಗಳನ್ನು ಅಪಾಯಕಾರಿಯೆಂದು ನಿಷೇಧಿಸಲು ಹೊರಟಿತು; ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ನಮ್ಮ ಉಚ್ಚ ನ್ಯಾಯಾಲಯ ಅದೇ ಏಪ್ರಿಲ್‌ನಲ್ಲಿ ರದ್ದುಮಾಡಿತು. ಬೀದಿನಾಯಿಗಳನ್ನೂ ಎಣಿಸಿದರು: ಬೆಂಗಳೂರಿನಲ್ಲಿ 2019ರಲ್ಲಿ 3.10 ಲಕ್ಷ, 2023ರಲ್ಲಿ 2.79 ಲಕ್ಷ. ಕಡಿಮೆಯಾದದ್ದು ಸಂತೋಷವೇ. 2025ರ ಜುಲೈಯಲ್ಲಿ, ಆಗಿನ ಮಹಾನಗರ ಪಾಲಿಕೆ ಸುಮಾರು ಐದು ಸಾವಿರ ನಾಯಿಗಳಿಗೆ ಕೋಳಿಮಾಂಸದ ಅನ್ನ ಹಾಕಲು ಯೋಜಿಸಿದಾಗ ದೇಶವೆಲ್ಲ ನಕ್ಕಿತು. ನಾನೂ ನಕ್ಕೆ, ನಮ್ಮ ಮನೆಯ ಮಜ್ಜಿಗೆ ಅನ್ನಕ್ಕೆ ಯೋಜನೆಯ ಹೆಸರಿರಲಿಲ್ಲ, ಅಷ್ಟೇ ವ್ಯತ್ಯಾಸ.

2023ರ ಹೊಸ ನಿಯಮಗಳು ಬೀದಿನಾಯಿಗೆ ಒಂದು ಹೊಸ ಹೆಸರು ಕೊಟ್ಟವು: ಸಮುದಾಯದ ಪ್ರಾಣಿ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಮನೆಗಳಿಗೆ ಹೋಗಿಬರುವ ದಾರಿ, ಇವುಗಳಿಂದ ದೂರದಲ್ಲಿ ಅನ್ನ ಹಾಕುವ ಸ್ಥಳವನ್ನು ಗೊತ್ತುಮಾಡಬೇಕೆಂದು ಅವು ಹೇಳುತ್ತವೆ. ನಾನು ಹಾಕುತ್ತಿದ್ದುದು ಗೇಟಿನ ಬಾಯಲ್ಲಿಯೇ. ಕನ್ನಡದ ಮೇಷ್ಟ್ರಾಗಿ 'ಸಮುದಾಯ' ಎಂಬ ಮಾತಿನ ಮೇಲೆ ನನಗೆ ಸ್ವಲ್ಪ ಅನುಮಾನ. ಊರಿನ ಕೆರೆಯೂ ಸಮುದಾಯದ್ದೇ ಆಗಿತ್ತು. ಆದರೆ ತೂಬು ಎತ್ತುವುದಕ್ಕೆ, ಇಳಿಸುವುದಕ್ಕೆ ನೀರುಗಂಟಿ ಎಂಬ ಒಬ್ಬನಿದ್ದ. ಅವನ ಹೆಸರು ಎಲ್ಲರಿಗೂ ಗೊತ್ತಿತ್ತು. ಗದ್ದೆ ಒಣಗಿದರೆ ಬೈಯಲು ಅವನ ಮನೆಗೆ ಹೋಗುತ್ತಿದ್ದರು. ನೀರುಗಂಟಿ ಹೋದ ಮೇಲೆ ಕೆರೆ ಏನಾಯಿತೆಂಬುದನ್ನು ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ಬೀದಿಯ ನಾಯಿಗೆ ನೀರುಗಂಟಿ ಯಾರು?

ದಂಡಸಂಹಿತೆಯನ್ನೂ ತೆಗೆದು ನೋಡಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ವಿಧಿ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. 'ವಶ' ಎಂದರೇನು? ಸರಪಳಿಯೆ? ಬಿಲ್ಲೆಯೆ? ನಾಲ್ಕು ವರ್ಷ ತಪ್ಪದೆ ಹಾಕಿದ ಅನ್ನವೆ? ವಕೀಲರಾದ ಗೆಳೆಯರೊಬ್ಬರು, "ನಿಮಗೇನೂ ಆಗೋದಿಲ್ಲ ಬಿಡಿ" ಎಂದು ಸಮಾಧಾನ ಹೇಳಿದರು. ನಾನು ಕೇಳಿದ್ದು ಅದನ್ನಲ್ಲ.

2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದೆಹಲಿಯ ಸುತ್ತಣ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕೆಂದಿತು. ಅದೇ 22ರಂದು ಇನ್ನೊಂದು ಪೀಠ, ರೇಬೀಸಿನವೂ ಕಚ್ಚುವ ಸ್ವಭಾವದವೂ ಆದ ನಾಯಿಗಳ ಹೊರತು ಉಳಿದವನ್ನು ಲಸಿಕೆ ಹಾಕಿ ಹಿಡಿದಲ್ಲಿಯೇ ಬಿಡಬೇಕೆಂದು ತಿದ್ದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಮತ್ತೆ ಅಲ್ಲಿ ಬಿಡಕೂಡದೆಂದಿತು. ಇವುಗಳ ಸರಿತಪ್ಪುಗಳನ್ನು ಕುರಿತು ಬೇಕಾದಷ್ಟು ಚರ್ಚೆ ನಡೆಯಿತು. ನನ್ನ ಕಣ್ಣಿಗೆ ಬಿದ್ದುದು ಆಗಸ್ಟ್ 22ರ ಆದೇಶದ ಒಂದು ಸಣ್ಣ ಅಂಶ: ಬೀದಿನಾಯಿಯ ಮೇಲೆ ಪ್ರೀತಿಯಿರುವವರು ನಗರಸಭೆಗೆ ಅರ್ಜಿ ಕೊಟ್ಟು ಅದನ್ನು ದತ್ತು ತೆಗೆದುಕೊಳ್ಳಬಹುದು, ತೆಗೆದುಕೊಂಡ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ.

ಹತ್ತು ದಿನ ನಾಯಿಯನ್ನು ಕಾದೆವು. ಅದು ಚೆನ್ನಾಗಿಯೇ ಇತ್ತು. ಹುಡುಗನ ತಾಯಿ ದಿನವೂ ಸಂಜೆ ಬಂದು ಅದನ್ನು ದೂರದಿಂದ ನೋಡಿ, ಮಾತಾಡದೆ ಹೋಗುತ್ತಿದ್ದರು. ಹನ್ನೊಂದನೆಯ ದಿನ ಪಶುವೈದ್ಯರಲ್ಲಿ ಲಸಿಕೆ ಹಾಕಿಸಿದೆ. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆಯೂ ಆಯಿತು. ಆಮೇಲೆ ಅರ್ಜಿ ಹಿಡಿದು ಕಚೇರಿಗೆ ಹೋದೆ. ಗುಮಾಸ್ತರು, "ಬೀದಿನಾಯಿಗೆ ಲೈಸೆನ್ಸ್ ಯಾಕೆ ಸಾರ್? ಅದು ಹೇಗೂ ಬೀದೀಲೇ ಇರುತ್ತಲ್ಲ" ಎಂದರು. ತಳಿ ಎಂಬಲ್ಲಿ ಏನು ಬರೆಯುವುದೆಂದು ಇಬ್ಬರೂ ತುಸು ಹೊತ್ತು ಯೋಚಿಸಿದೆವು. 'ಕಂತ್ರಿ' ಎಂಬುದು ಇಂಗ್ಲಿಷಿನ 'ಕಂಟ್ರಿ'ಯ ತದ್ಭವವೆಂದು ನಾನು ಹೇಳಹೊರಟಾಗ ಅವರು 'ದೇಶೀಯ' ಎಂದು ಬರೆದುಕೊಂಡರು. ಒಡೆಯರ ಹೆಸರು ಎಂಬಲ್ಲಿ ನಾನೇ ಬರೆದೆ.

ನಾಯಿ ಈಗ ಗೇಟಿನ ಒಳಗಿದೆ. ಬೆಳಿಗ್ಗೆ ಸಂಜೆ ಅದನ್ನು ಹಗ್ಗ ಹಿಡಿದು ತಿರುಗಾಡಿಸುವುದು ನನ್ನ ಮಂಡಿಗೆ ಸುಖವಲ್ಲ. ಕೈಯಲ್ಲಿ ಹಳೆಯ ಪತ್ರಿಕೆಯ ಹಾಳೆ ಹಿಡಿದು ಅದರ ಹಿಂದೆ ಬಾಗುವ ಪ್ರಾಧ್ಯಾಪಕನನ್ನು ನೋಡಿ ನಗುವವರಿದ್ದಾರೆ. ಹುಡುಗನಿಗೆ ಇಪ್ಪತ್ತೆಂಟನೆಯ ದಿನದ ಚುಚ್ಚುಮದ್ದೂ ಮುಗಿದು, ಮೀನಖಂಡದಲ್ಲಿ ಎರಡು ಬಿಳಿಯ ಕಲೆ ಉಳಿದಿದೆ. ಅವನೇ ಇನ್ನೂ ಪತ್ರಿಕೆ ಹಾಕುತ್ತಾನೆ. ಆದರೆ ಸೈಕಲ್ಲಿನಿಂದ ಇಳಿಯುವುದಿಲ್ಲ; ಬೀದಿಯ ಆಚೆಯ ಬದಿಯಿಂದ ಗೇಟಿನ ಹತ್ತಿರಕ್ಕೆ ಎಸೆದು ಹೋಗುತ್ತಾನೆ. ಮಳೆಯ ದಿನ ಅದು ನೆನೆದಿರುತ್ತದೆ. ನಾನೇ ಹೋಗಿ ಎತ್ತಿಕೊಂಡು ಬರುತ್ತೇನೆ.